ಹಳೆಯ ಹಾಡಿನ ಒಡಕು ದನಿಯನ್ನು ತೊಳೆಯಬೇಡಿ

ಕ್ರಿಸ್ ಪೆರಿಯ ಬ್ಯಾಂಡು, ಲೋರ್ನಾ ಕಂಠ ಕೂಡಿದ ಕೊಂಕಣಿ ಹಾಡುಗಳಿಗೆ ಕಾರವಾರದಲ್ಲಿ ಇನ್ನೂ ವಯಸ್ಸಾಗಿಲ್ಲ. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿಯ ಕಡೆ ಹೋದರೆ ಮದುವೆ ಚಪ್ಪರದಲ್ಲಿ ಇವತ್ತಿಗೂ ಮೊಳಗುತ್ತವೆ. ಗಡಿ ದಾಟಿದರೆ ಗೋವಾ. ಅಲ್ಲಂತೂ ಅವು ಮನೆಮಾತು. ಎಚ್‌ಎಂವಿಯ ಆ ಏಳಿಂಚಿನ ತಟ್ಟೆಗಳನ್ನು ಇನ್ನೂ ಜೋಪಾನ ಮಾಡಿಟ್ಟವರು ಒಂದು ಮಾತು ಹೇಳುವುದುಂಟು: “ಹಾಡು ಚಲೋ ಅದೆ, ಮೇಲೆ ಹೋದಾಗ ಮಾತ್ರ ಸೌಂಡು ಒಡೀತದೆ. ತಟ್ಟೆ ಸವೆದಿರಬೇಕು.”

ಸವೆದಿರಲೂಬಹುದು. ಪರೀಕ್ಷೆ ಸುಲಭ. ಒಂದೇ ಹಾಡಿನ ಎರಡು ತಟ್ಟೆಗಳು ಸಿಕ್ಕರೆ ಒಂದಾದ ಮೇಲೊಂದು ಹಾಕಿ ಕೇಳಿ. ಎರಡರಲ್ಲೂ ಅದೇ ಅಕ್ಷರದ ಮೇಲೆ, ಅದೇ ಟ್ರಂಪೆಟ್ ಸ್ವರದ ಮೇಲೆ ದನಿ ಒಡೆದರೆ ಅದು ಸವೆತವಲ್ಲ. ಸವೆತದ ಒಡಕು ತಟ್ಟೆಯಿಂದ ತಟ್ಟೆಗೆ ಬೇರೆಯಾಗುತ್ತದೆ, ಮುಳ್ಳು ನಡುವಿನ ಲೇಬಲ್ಲಿನತ್ತ ಸರಿದಷ್ಟೂ ಹೆಚ್ಚುತ್ತದೆ, ಜೊತೆಗೆ ಚರಚರ ಸದ್ದನ್ನೂ ಕರೆದುಕೊಂಡು ಬರುತ್ತದೆ. ಒಂದೇ ಜಾಗದಲ್ಲಿ ಒಂದೇ ಬಗೆಯಾಗಿ ಕೇಳುವ ಒಡಕು ತಟ್ಟೆ ಅಚ್ಚಾಗುವ ಮುಂಚೆಯೇ ಹಾಡಿನೊಳಗೆ ಸೇರಿತ್ತು.

ಹಳೆಯ ಜನಪ್ರಿಯ ಹಾಡುಗಳ ಈ ಒತ್ತಿ ಹಿಡಿದಂಥ, ಅಂಚು ಒರಟಾದ ದನಿಯನ್ನು ಆ ಕಾಲದ ಯಂತ್ರಗಳ ಬಡತನ ಎಂದು ಸುಲಭವಾಗಿ ತಳ್ಳಿಹಾಕುತ್ತೇವೆ. ಬಡತನವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಬಹಳ ಮಟ್ಟಿಗೆ ಅದು ಎಂಜಿನಿಯರುಗಳ ಕೈಕೆಲಸ. ಹಾಡು ಎಲ್ಲಿ, ಯಾವ ಪೆಟ್ಟಿಗೆಯಲ್ಲಿ, ಎಂಥ ಗದ್ದಲದ ನಡುವೆ ಕೇಳಿಸಬೇಕು ಎಂಬುದನ್ನು ಚೆನ್ನಾಗಿ ಬಲ್ಲವರು ಮಾಡಿದ ಕೆಲಸ. ಅದನ್ನು ಈಗ ‘ಕ್ಲೀನ್’ ಮಾಡಿ, ಮೇಲಿಂದ ಇನ್ನಷ್ಟು ಜೋರು ಮಾಡಿ ಮಾರುವುದು ಅವರಿಗೂ ಹಾಡಿಗೂ ಮಾಡುವ ಅನ್ಯಾಯ.

ಹಾಡುವವರ ದನಿ ಪಿಸುಮಾತಿನಿಂದ ಕೂಗಿನವರೆಗೆ ಏರಿಳಿಯುತ್ತದೆ. ಅದನ್ನು ಹಿಡಿದಿಡುವ ಟೇಪಿಗೋ ತಟ್ಟೆಗೋ ಅಷ್ಟು ಜಾಗವಿಲ್ಲ. ಕೆಳಗೆ ಟೇಪಿನ ‘ಸುಯ್’ ಸದ್ದು ಪಿಸುಮಾತನ್ನು ನುಂಗುತ್ತದೆ, ಮೇಲೆ ಕೂಗು ಒಡೆಯುತ್ತದೆ. ಮೊದಮೊದಲು ಇದನ್ನು ಸಂಭಾಳಿಸುತ್ತಿದ್ದುದು ಎಂಜಿನಿಯರನ ಬೆರಳು. ಹಾಡನ್ನು ಬಾಯಿಪಾಠ ಮಾಡಿಕೊಂಡವನು ಗಟ್ಟಿ ಸ್ವರ ಬರುವ ಮುಂಚೆ ಗುಂಡಿ ಇಳಿಸಿ, ಅದು ಕಳೆದ ಮೇಲೆ ಏರಿಸುತ್ತಿದ್ದ. ಬೆರಳಿಗೆ ಸಾಧ್ಯವಿಲ್ಲದ ವೇಗದಲ್ಲಿ ಇದೇ ಕೆಲಸ ಮಾಡುವ ಯಂತ್ರವೇ ಲಿಮಿಟರ್. ಮಿತಿ ಮೀರಿದ್ದನ್ನು ಕತ್ತರಿಸುವುದು ಬೇರೆ, ಒತ್ತಿ ಒಳಗೆ ಹಿಡಿಸುವುದು ಬೇರೆ. ಕೊಳಗದ ಮೇಲೆ ರಾಶಿಯಾಗಿ ನಿಂತ ಅಕ್ಕಿಯನ್ನು ಕೋಲೆಳೆದು ಚೆಲ್ಲಿದರೆ ಅದು ಕ್ಲಿಪ್ಪಿಂಗ್. ಕುಲುಕಿ ಕುಲುಕಿ ಅಷ್ಟನ್ನೂ ಕೊಳಗದೊಳಗೆ ಕೂರಿಸಿದರೆ ಲಿಮಿಟಿಂಗ್. ಕೂರಿಸುವಾಗ ಕಾಳು ನುಗ್ಗಾಗುತ್ತದಲ್ಲ, ಆ ನುಗ್ಗೇ ನಾವು ಕೇಳುವ ಒರಟುತನ.

ಈ ಯಂತ್ರಗಳ ಪೈಕಿ ಅತಿ ಹೆಸರಾದದ್ದು 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಬಂದ ಫೇರ್‌ಚೈಲ್ಡ್. ಎಸ್ಟೋನಿಯಾ ಮೂಲದ ರೈನ್ ನಾರ್ಮಾ ರೂಪಿಸಿದ ಇದರ 670 ಮಾದರಿಯಲ್ಲಿ 20 ವಾಲ್ವುಗಳು, ತೂಕ ಸುಮಾರು 30 ಕಿಲೊ. ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲಿನ ಹೊತ್ತಿನಲ್ಲಿ ಅದು ಗಟ್ಟಿ ದನಿಯನ್ನು ಹಿಡಿದು ತಗ್ಗಿಸಬಲ್ಲದು. ಅದನ್ನು ಮಾಡಿದ್ದು ಹಾಡಿಗೆ ಸೊಗಸು ತುಂಬಲೆಂದಲ್ಲ, ತಟ್ಟೆ ಕೊರೆಯುವ ಯಂತ್ರವನ್ನು ಕಾಯಲು. ಗಟ್ಟಿ ದನಿ ಎಂದರೆ ತಟ್ಟೆಯ ಮೇಲೆ ಅಗಲವಾಗಿ ಓಲಾಡುವ ಗೆರೆ. ಗೆರೆ ಅಗಲವಾದಷ್ಟೂ ತಟ್ಟೆಯಲ್ಲಿ ಹಿಡಿಯುವ ಹೊತ್ತು ಕಡಿಮೆ, ಮಿತಿ ಮೀರಿದರೆ ಮುಳ್ಳೇ ಹಾರಿಬೀಳುತ್ತದೆ.

ನಮ್ಮ ಸಿನಿಮಾ ಹಾಡುಗಳಿಗೆ ಇನ್ನೊಂದು ಇಕ್ಕಟ್ಟಿತ್ತು. ಕನ್ನಡದ ಹಾಡುಗಳು ಬಹುಕಾಲ ಧ್ವನಿಮುದ್ರಣವಾದದ್ದು ಮದ್ರಾಸಿನಲ್ಲಿ. ಥಿಯೇಟರಿಗೆ ಹೋಗುವ ಪ್ರಿಂಟಿನ ಅಂಚಿನಲ್ಲಿ ದನಿ ಬೆಳಕಿನ ಗೆರೆಯಾಗಿ ಅಚ್ಚಾಗುತ್ತಿತ್ತು. ಆ ಗೆರೆಗೆ ಇದ್ದ ಪಟ್ಟಿ ಕಿರಿದು. ದನಿ ಅದನ್ನು ಮೀರಿದರೆ ಪರದೆಯ ಹಿಂದಿನ ಸ್ಪೀಕರಿನಲ್ಲಿ ‘ಚರ್ರ್’ ಎನ್ನುತ್ತಿತ್ತು. ಗಾಯಕ, ವಾದ್ಯಗಾರರು ಎಲ್ಲ ಒಂದೇ ಹೊತ್ತಿಗೆ, ಕೆಲವೇ ಮೈಕುಗಳ ಮುಂದೆ ಹಾಡಿ ನುಡಿಸುತ್ತಿದ್ದ ಕಾಲ. ಆಮೇಲೆ ಕೂತು ಸರಿಪಡಿಸುವ ಅವಕಾಶವೇ ಇರಲಿಲ್ಲ. ಹೆಚ್ಚುಕಡಿಮೆ ಆದದ್ದೆಲ್ಲ ಅಲ್ಲೇ, ಆ ಗಳಿಗೆಯಲ್ಲೇ ಹದಕ್ಕೆ ಬರಬೇಕಿತ್ತು.

ಮೂರನೆಯದು ರೇಡಿಯೊ. ಮಧ್ಯಮ ತರಂಗದಲ್ಲಿ ಹಾಡಿನ ಏರಿಳಿತವೇ ತರಂಗದ ಎತ್ತರವನ್ನು ಬದಲಿಸುತ್ತದೆ. ನೂರಕ್ಕೆ ನೂರು ಮಾಡ್ಯುಲೇಶನ್ ದಾಟಿದರೆ ತರಂಗ ಕತ್ತರಿಸಿಹೋಗಿ ಅಕ್ಕಪಕ್ಕದ ಸ್ಟೇಷನ್ನುಗಳ ಮೇಲೂ ಸಿಡಿಯುತ್ತದೆ. ಹಾಗಾಗಿ ಪ್ರಸಾರ ಕೇಂದ್ರದಲ್ಲಿ ಮತ್ತೊಂದು ಲಿಮಿಟರ್. ಅಂದರೆ ಒಂದು ಹಾಡು ಕೇಳುಗನ ಕಿವಿ ಮುಟ್ಟುವುದರೊಳಗೆ ಸ್ಟುಡಿಯೊದಲ್ಲಿ ಒಮ್ಮೆ, ತಟ್ಟೆ ಕೊರೆಯುವಾಗ ಒಮ್ಮೆ, ರೇಡಿಯೊದಲ್ಲಿ ಒಮ್ಮೆ ಒತ್ತಿಸಿಕೊಂಡಿರುತ್ತಿತ್ತು.

ಈಗ ಆ ಕಿವಿ ಎಲ್ಲಿತ್ತು ನೋಡಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಘಟ್ಟದ ಮೇಲಿನ ಆ ಕೇಂದ್ರದ ಅಲೆ ಕಾಡು ಹಾಯ್ದು, ಗುಡ್ಡ ಇಳಿದು ಕರಾವಳಿಗೆ ಬರಬೇಕು. ಸಮುದ್ರದ ಕಡೆಯಿಂದ ಬರುವುದಕ್ಕೆ ಅಷ್ಟು ಅಡ್ಡಿಯಿಲ್ಲ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ ಮಧ್ಯಮ ತರಂಗ ನೆಲಕ್ಕಿಂತ ನೀರಿನ ಮೇಲೆ ಬಹಳ ದೂರ ಸಾಗುತ್ತದೆ. ಪಣಜಿ ಕೇಂದ್ರಕ್ಕೆ ಕಾರವಾರ ಪಕ್ಕದ ಮನೆ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಸಚಿವರಾಗಿದ್ದಾಗ ಆಕಾಶವಾಣಿಯಲ್ಲಿ ಸಿನಿಮಾ ಹಾಡು ನಿಂತು, ದೇಶವೆಲ್ಲ ರೇಡಿಯೊ ಸಿಲೋನಿನ ಕಡೆ ಗುಂಡಿ ತಿರುಗಿಸಿತು. 1957ರಲ್ಲಿ ವಿವಿಧ ಭಾರತಿ ಬರುವವರೆಗೂ ಅದೇ ಗತಿ. ಆ ಶಾರ್ಟ್‌ವೇವ್ ದನಿ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಸರಿಯುತ್ತಿತ್ತು. ಹಾಡಿನ ಮೆಲುಭಾಗಗಳು ಹಾಗೇ ಬಿಟ್ಟಿದ್ದರೆ ಅರ್ಧ ಹಾಡು ಗಾಳಿಯಲ್ಲೇ ಕರಗುತ್ತಿತ್ತು. ಒತ್ತಿ, ಮಟ್ಟಸ ಮಾಡಿ, ಗಟ್ಟಿಯಾಗಿ ಕಳಿಸಿದ್ದರಿಂದಲೇ ಬೈತಖೋಲದ ಬಂದರಿನಲ್ಲಿ ದೋಣಿಯ ಎಂಜಿನ್ ಸದ್ದಿನ ನಡುವೆಯೂ ಹಾಡು ಹಾಡಾಗಿ ಕೇಳಿತು.

ಇನ್ನು ಒಡಕಿನ ಒಂದು ಉಪಕಾರವಿದೆ, ಅದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಪ್ರಿಯವಾದದ್ದು. ಮೂರಿಂಚಿನ ಸ್ಪೀಕರಿನ ಟ್ರಾನ್ಸಿಸ್ಟರಿಗೆ ಕೆಳಗಿನ ಸ್ವರಗಳನ್ನು ಹೊರಡಿಸುವ ಶಕ್ತಿಯಿಲ್ಲ. ಬಾಸ್ ಗಿಟಾರಿನ 80 ಹರ್ಟ್ಸ್ ಸ್ವರ ಆ ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ಆದರೆ ದನಿ ಸ್ವಲ್ಪ ಒಡೆದಾಗ ಮೂಲ ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳು ಹುಟ್ಟುತ್ತವೆ: 160, 240, 320. ಇವುಗಳಲ್ಲಿ ಮೇಲಿನವನ್ನು ಸಣ್ಣ ಸ್ಪೀಕರ್ ನುಡಿಸಬಲ್ಲದು. ಅವುಗಳ ನಡುವಿನ ಅಂತರ ಗ್ರಹಿಸಿದ ನಮ್ಮ ಮಿದುಳು ಇಲ್ಲದ 80ನ್ನು ತಾನೇ ತುಂಬಿಕೊಂಡು ಕೇಳುತ್ತದೆ. ಕಿವಿಗೆ ಬೀಳದ ಸ್ವರ ಮನಸ್ಸಿಗೆ ಕೇಳುತ್ತದೆ. ಶುದ್ಧವಾಗಿ ಮುದ್ರಿಸಿದ್ದರೆ ಟ್ರಾನ್ಸಿಸ್ಟರಿನಲ್ಲಿ ಮಾಯವಾಗುತ್ತಿದ್ದ ಬಾಸ್, ಕೊಂಚ ಒರಟಾದ್ದರಿಂದ ಉಳಿಯಿತು.

ಸಂಗೀತ ಬಲ್ಲವರಿಗೆ ಇದು ಹೊಸದೇನಲ್ಲ. ಮೂಲ ಸ್ವರ ಷಡ್ಜವಾದರೆ ಎರಡು ಪಟ್ಟಿನದು ಮೇಲಿನ ಷಡ್ಜ, ಮೂರು ಪಟ್ಟಿನದು ಮೇಲಿನ ಪಂಚಮ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಎಳೆ ದಾರ ಸಿಕ್ಕಿಸಿ ಜೀವಾರಿ ಕೂರಿಸುವುದು ಇದಕ್ಕಾಗಿಯೇ. ದಾರ ತೆಗೆದರೆ ತಂತಿ ಶುದ್ಧವಾಗಿ, ಆದರೆ ಬಡವಾಗಿ ನುಡಿಯುತ್ತದೆ. ದಾರವಿಟ್ಟರೆ ಅದೇ ತಂತಿ ಝೇಂಕರಿಸಿ ಉಪಸ್ವರಗಳನ್ನೆಲ್ಲ ತೆರೆಯುತ್ತದೆ. ಧಾರವಾಡದ ಬೈಠಕ್ಕುಗಳಲ್ಲಿ ಆ ಝೇಂಕಾರದಲ್ಲೇ ಕಿವಿ ಬೆಳೆಸಿಕೊಂಡ ನಾಡು ನಮ್ಮದು. ಅಂಥ ನಾಡಿನವರು ವಾಲ್ವಿನಲ್ಲೋ ಟೇಪಿನಲ್ಲೋ ಹುಟ್ಟಿದ ಝೇಂಕಾರವನ್ನು ಕಸವೆಂದು ಗುಡಿಸುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ರಕ್ಷಣೆಗೆಂದು ಬಂದ ಯಂತ್ರ ರುಚಿಯಾದದ್ದು 1960ರ ದಶಕದಲ್ಲಿ. ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯವರು ಹಾಡು ಹೊರಬಿಡುವ ಮುಂಚೆ ಕಾರ್ ರೇಡಿಯೊದ ಸಣ್ಣ ಸ್ಪೀಕರಿನಲ್ಲಿ ಹಾಕಿ ಪರೀಕ್ಷಿಸುತ್ತಿದ್ದರು. 1966ರಲ್ಲಿ ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ ಜೆಫ್ ಎಮೆರಿಕ್ ಎಂಬ ತರುಣ ಎಂಜಿನಿಯರ್, ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ, ಮೈಕನ್ನು ಹತ್ತಿರ ತಂದು, ಫೇರ್‌ಚೈಲ್ಡನ್ನು ಮಿತಿಮೀರಿ ದುಡಿಸಿದ. ಏಟು ಬಿದ್ದೊಡನೆ ಯಂತ್ರ ಅದನ್ನು ಅಮುಕುತ್ತದೆ, ಬಿಟ್ಟೊಡನೆ ಸುತ್ತಲಿನ ಗುಂಯ್‌ಗುಡುವ ಸದ್ದು ಉಸಿರಿನಂತೆ ಏರುತ್ತದೆ. 1968ರಲ್ಲಿ ಅದೇ ತಂಡ ಗಿಟಾರನ್ನು ಆಂಪ್ಲಿಫೈಯರಿನ ಹಂಗಿಲ್ಲದೆ ನೇರವಾಗಿ ಮಿಕ್ಸಿಂಗ್ ಮೇಜಿಗೆ ಚುಚ್ಚಿ, ಬೇಕೆಂದೇ ದನಿ ಒಡೆಸಿತು. ಸಂಸ್ಥೆಯ ನಿಯಮ ಪುಸ್ತಕದ ಪ್ರಕಾರ ಅದು ತಪ್ಪು. ಕೇಳುಗರ ಪ್ರಕಾರ ಅದೇ ಹಾಡು.

1968 ಅಂದೆ. ಅದೇ ವರ್ಷ ನಮ್ಮಲ್ಲಿ ದೊರೈ–ಭಗವಾನರ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು, ಸಂಗೀತ ಜಿ.ಕೆ. ವೆಂಕಟೇಶ್. ಪತ್ತೇದಾರಿ ಸಿನಿಮಾದ ನೆಪದಲ್ಲಿ ಪಾಶ್ಚಾತ್ಯ ಬ್ಯಾಂಡಿನ ಬಿರುಸು ಕನ್ನಡದ ಹಾಡಿಗೆ ಬಂದ ಕಾಲ. ಆರು ವರ್ಷ ಕಳೆದು, 1974ರಲ್ಲಿ ಅದೇ ವೆಂಕಟೇಶ್ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜಕುಮಾರರಿಂದ ಎಮ್ಮೆಯ ಮೇಲೆ ಕೂತು ಹಾಡುವ ಹಾಡನ್ನು ಹಾಡಿಸಿದರು. ಅಲ್ಲಿಯವರೆಗೆ ರಾಜ್‌ಗೆ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸರ ಮೃದು ಕಂಠ. ಮೈಕಿನ ಹತ್ತಿರ ನಿಂತು ಮೆಲ್ಲಗೆ ಹಾಡುವ ಆ ದನಿ ಯಂತ್ರಗಳಿಗೆ ಎಂದೂ ತೊಂದರೆ ಕೊಟ್ಟದ್ದಲ್ಲ. ರಾಜ್ ಕಂಠದ ಕಥೆ ಬೇರೆ. ಗುಬ್ಬಿ ಕಂಪನಿಯ ರಂಗದ ಮೇಲೆ ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟುವಂತೆ ಪಳಗಿದ ಕಂಠ ಅದು. ಒಮ್ಮೆಲೇ ಏರುತ್ತದೆ, ಏರಿದಲ್ಲಿ ನಿಲ್ಲುತ್ತದೆ. ಅಂಥ ದನಿಯನ್ನು ಕಟ್ಟಿಹಾಕದೆ, ಆದರೆ ಮಿತಿಯೊಳಗೆ ಹಿಡಿದ ಧ್ವನಿಮುದ್ರಕರ ಹೆಸರು ನಮ್ಮ ಸಿನಿಮಾ ಚರಿತ್ರೆಗಳಲ್ಲಿ ಮೂಲೆಯ ಸಾಲಿನಲ್ಲೂ ಕಾಣುವುದಿಲ್ಲ. ಇದು ಸರಿಯಲ್ಲ.

ಆ ಹಾಡುಗಳು ಅಂಕೋಲೆಯ ಬಂಡಿಹಬ್ಬದಲ್ಲಿ ಹೇಗೆ ಕೇಳುತ್ತಿದ್ದವು ಎನ್ನುವುದನ್ನು ಕಂಡವರು ಬಲ್ಲರು. ತೆಂಗಿನ ಮರಕ್ಕೆ ಕಟ್ಟಿದ ತಗಡಿನ ಹಾರ್ನು. ಅದರ ಬಾಯಿಂದ 300 ಹರ್ಟ್ಸ್‌ಗಿಂತ ಕೆಳಗಿನದು ಹೆಚ್ಚೇನೂ ಹೊರಡದು, ತೀರಾ ಮೇಲಿನದೂ ಬಾರದು. ಆದರೆ ಮನುಷ್ಯನ ಮಾತಿನ ಸ್ಪಷ್ಟತೆ ಇರುವುದೇ ಆ ನಡುವಿನ ಪಟ್ಟಿಯಲ್ಲಿ. ಒತ್ತಿ ಮುಂದೆ ತಂದ ಕಂಠ ಆ ಹಾರ್ನಿನಲ್ಲಿ ಗದ್ದೆ ದಾಟಿ, ಮಾವಿನ ತೋಪು ದಾಟಿ ಪಕ್ಕದ ಊರಿಗೂ ಅಕ್ಷರ ಬಿಡದೆ ತಲುಪುತ್ತಿತ್ತು. ಮೈಕ್‌ಸೆಟ್ಟಿನವರೂ ವಾಲ್ವ್ ಆಂಪ್ಲಿಫೈಯರನ್ನು ಕೊನೆಯವರೆಗೆ ತಿರುಗಿಸಿ ಇನ್ನೊಂದಿಷ್ಟು ಒಡಕು ಸೇರಿಸುತ್ತಿದ್ದರು. ಇವತ್ತು ಅದೇ ಹಾಡನ್ನು ಗೋಡೆಯೆತ್ತರದ ಡಿಜೆ ಪೆಟ್ಟಿಗೆಗಳಲ್ಲಿ ಹಾಕುತ್ತಾರೆ. ಎದೆ ನಡುಗುತ್ತದೆ, ಸಾಹಿತ್ಯ ತಿಳಿಯುವುದಿಲ್ಲ.

ಈಗಿನ ಮಾತಿಗೆ ಬರೋಣ. 1982ರಲ್ಲಿ ಸಿ.ಡಿ. ಬಂದಾಗ ಪಿಸುಮಾತಿಗೂ ಕೂಗಿಗೂ ನಡುವೆ 96 ಡೆಸಿಬೆಲ್ ಅಂತರ ಸಿಕ್ಕಿತು. ಡಾಲ್ಬಿ ಇಲ್ಲದ ಕ್ಯಾಸೆಟ್ಟಿನಲ್ಲಿ ಅದರ ಅರ್ಧದಷ್ಟು ಮಾತ್ರ ಇತ್ತು. ಒತ್ತುವ ಅಗತ್ಯವೇ ಉಳಿಯಲಿಲ್ಲ. ಆದರೆ ನಡೆದದ್ದು ಅದಕ್ಕೆ ತದ್ವಿರುದ್ಧ. 1994ರಲ್ಲಿ ವೇವ್ಸ್ ಕಂಪನಿಯ ಎಲ್1 ಎಂಬ ಡಿಜಿಟಲ್ ಲಿಮಿಟರ್ ಬಂತು. ಬರಲಿರುವ ದನಿಯನ್ನು ಮುಂದಾಗಿ ನೋಡಿ ಒಂದು ಕೂದಲೆಳೆಯೂ ಮಿತಿ ದಾಟದಂತೆ ಅಮುಕುವ ಸಾಫ್ಟ್‌ವೇರ್ ಅದು. ಒಂದೇ ಹಾಡಿನ ಎರಡು ಪ್ರತಿಗಳಲ್ಲಿ ತುಸು ಜೋರಾದದ್ದೇ ‘ಚೆನ್ನಾಗಿದೆ’ ಎಂದು ಕಿವಿ ಮೋಸಹೋಗುತ್ತದೆ. ಆ ಮೋಸದ ಮೇಲೆ ಕಂಪನಿಗಳು ಪೈಪೋಟಿಗೆ ಬಿದ್ದವು. 2008ರ ಹೊತ್ತಿಗೆ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಎಷ್ಟು ಅಮುಕಿಸಿಕೊಂಡಿತ್ತೆಂದರೆ, ಅಭಿಮಾನಿಗಳೇ ಸಹಿ ಸಂಗ್ರಹಿಸಿ ಮತ್ತೆ ಮಿಕ್ಸ್ ಮಾಡಿ ಎಂದು ಬೇಡಿದರು.

ನಮ್ಮ ಹಳೆಯ ಹಾಡುಗಳ ಮರುಬಿಡುಗಡೆಗೂ ಈ ರೋಗ ತಗುಲಿದೆ. ಒಂದು ಹಳೆಯ ಕನ್ನಡ ಹಾಡನ್ನು ತಟ್ಟೆಯಿಂದ ಇಳಿಸಿಕೊಂಡು, ಅದರದೇ ‘ರೀಮಾಸ್ಟರ್ಡ್’ ಪ್ರತಿಯ ಪಕ್ಕ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿಟ್ಟು ನೋಡಿದ್ದೇನೆ. ತಟ್ಟೆಯ ಪ್ರತಿಯಲ್ಲಿ ಪಲ್ಲವಿ, ಚರಣ, ನಡುವಿನ ಕೊಳಲು ಎಲ್ಲಿದೆ ಎಂದು ಕಿವಿಗಿಡದೆಯೇ ಬೆರಳಿಟ್ಟು ತೋರಿಸಬಹುದು. ಕೊಳಲಿನ ಹತ್ತಿರ ಗೆರೆ ತೆಳ್ಳಗಾಗುತ್ತದೆ, ಮೇಳ ಕೂಡಿದಾಗ ತುಂಬಿಕೊಳ್ಳುತ್ತದೆ. ಹೊಸ ಪ್ರತಿ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪದ ನೀಲಿ ಪಟ್ಟಿ. ಹಿಗ್ಗಿಸಿ ಹಿಗ್ಗಿಸಿ ಒಂದೊಂದು ಅಲೆ ಕಾಣುವಷ್ಟು ಹತ್ತಿರ ಹೋದರೆ, ತಟ್ಟೆಯ ಪ್ರತಿಯಲ್ಲಿ ಅಲೆಯ ತಲೆ ಒತ್ತಿದ್ದರೂ ದುಂಡಗಿದೆ, ಹೊಸದರಲ್ಲಿ ಚಪ್ಪಟೆ. ಸೆಕೆಂಡಿಗೆ 44,100 ಬಿಂದುಗಳಲ್ಲಿ ಹಲವಾರು ಸಾಲಾಗಿ ಮೇಲ್ಮಿತಿಗೆ ಅಂಟಿಕೊಂಡು ನಿಂತಿವೆ. ಟೇಪಿನ ಸುಯ್ ಸದ್ದು ತೆಗೆಯುತ್ತೇವೆಂದು ಹೋಗಿ ಗಾಯಕಿ ಉಸಿರೆಳೆದುಕೊಳ್ಳುವುದನ್ನೂ ತೆಗೆದಿದ್ದಾರೆ. ಕೊಳಲಿಗೂ ಮೇಳಕ್ಕೂ ಈಗ ಒಂದೇ ಎತ್ತರ.

ಎರಡೂ ಒಡಕೇ ತಾನೆ, ಹಳೆಯದನ್ನು ಹೊಗಳಿ ಹೊಸದನ್ನು ಬೈಯುವುದೇಕೆ ಎಂದು ಕೇಳಬಹುದು. ವಾಲ್ವು, ಟೇಪುಗಳು ಮಿತಿಯ ಹತ್ತಿರ ಬಂದಂತೆ ಅಲೆಯನ್ನು ಮೆಲ್ಲಗೆ ಬಾಗಿಸುತ್ತವೆ. ಹುಟ್ಟುವ ಉಪಸ್ವರಗಳು ಮೂಲ ಸ್ವರದ ನೆಂಟರು. ಡಿಜಿಟಲ್ ಕತ್ತರಿ ಒಮ್ಮೆಲೇ ಕತ್ತರಿಸುತ್ತದೆ, ಮತ್ತು ಹಾಗೆ ಹುಟ್ಟಿದ ಅತಿ ಎತ್ತರದ ಸದ್ದುಗಳು ಬಿಂದುಗಳ ಲೆಕ್ಕಕ್ಕೆ ಸಿಗದೆ ಮಡಚಿಕೊಂಡು ಕೆಳಗೆ, ಶ್ರುತಿಗೆ ಸಂಬಂಧವೇ ಇಲ್ಲದ ಜಾಗಗಳಲ್ಲಿ ಬಂದು ಬೀಳುತ್ತವೆ. ಹತ್ತು ನಿಮಿಷ ಕೇಳಿದರೆ ತಲೆ ಭಾರವಾಗುವುದು ಸುಮ್ಮನೆ ಅಲ್ಲ. ಇದಕ್ಕಿಂತ ದೊಡ್ಡ ಕಾರಣವೂ ಇದೆ: ಹಳೆಯವರು ಒತ್ತಿದ್ದಕ್ಕೆ ಮುಂದೊಂದು ತಟ್ಟೆ, ಒಂದು ರೇಡಿಯೊ, ಒಂದು ಹಾರ್ನು ಇತ್ತು. ಈಗ ಒತ್ತುವುದಕ್ಕೆ ಪೈಪೋಟಿ ಬಿಟ್ಟರೆ ಬೇರೇನಿಲ್ಲ. ಆ ಪೈಪೋಟಿಯೂ ವ್ಯರ್ಥ. ಸ್ಪಾಟಿಫೈಯಂಥ ಸೇವೆಗಳು ಎಲ್ಲ ಹಾಡುಗಳನ್ನೂ ಅಳೆದು, ಹೆಚ್ಚು ಜೋರಿದ್ದದ್ದನ್ನು ತಾವೇ ತಗ್ಗಿಸಿ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತವೆ. ಅಮುಕಿದ ಹಾಡು ಅಲ್ಲಿ ಜೋರಾಗಿಯೂ ಉಳಿಯುವುದಿಲ್ಲ, ಜೀವಂತವಾಗಿಯೂ ಉಳಿಯುವುದಿಲ್ಲ.

ಸಿನಿಮಾ ಹಾಡುಗಳ ಮೂಲ ಟೇಪುಗಳು ಕಂಪನಿಗಳ ಕೈಯಲ್ಲಿವೆ, ಅದು ನಮ್ಮ ಅಳವಲ್ಲ. ಆದರೆ ಕಾರವಾರ, ಅಂಕೋಲೆಗಳಲ್ಲಿ ನಮ್ಮ ಕೈಯಲ್ಲೇ ಇರುವ ದನಿಗಳಿವೆ. ಅಂಕೋಲೆ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಸಮುದಾಯದ ಈ ಹಾಡುಗಾರ್ತಿಯ ಹಾಡುಗಳನ್ನು ಕಾರವಾರ ಆಕಾಶವಾಣಿ, ಕರ್ನಾಟಕ ಜಾನಪದ ಅಕಾಡೆಮಿಯ ಜೊತೆಗೂಡಿ ಧ್ವನಿಮುದ್ರಿಸಿಕೊಂಡಿದೆ. ಅದು ದೊಡ್ಡ ಪುಣ್ಯದ ಕೆಲಸ. ಇವುಗಳಲ್ಲದೆ ಹಾಲಕ್ಕಿ ಕೇರಿಗಳಲ್ಲಿ, ಯಕ್ಷಗಾನದ ಹುಚ್ಚಿನವರ ಮನೆಗಳಲ್ಲಿ ಸ್ವಂತ ಟೇಪ್‌ರೆಕಾರ್ಡರಿನಲ್ಲಿ ಹಿಡಿದ ಮದುವೆ ಹಾಡು, ಸುಗ್ಗಿ ಕುಣಿತ, ಗುಮಟೆ ಪಾಂಗಿನ ಕ್ಯಾಸೆಟ್ಟುಗಳಿವೆ.

ಗುಮಟೆಯನ್ನು ಹಿಡಿಯುವುದು ಎಷ್ಟು ಕಷ್ಟ ಎಂದು ಹಿಡಿದವರಿಗೇ ಗೊತ್ತು. ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ಅಂಗೈಯಿಂದ ಮುಚ್ಚಿ ತೆರೆಯುವುದಕ್ಕೆ. ಏಟಿನ ಮೊದಲ ಚಟ್ ಸದ್ದು ಹಾಡಿನ ದನಿಗಿಂತ ಎಷ್ಟೋ ಎತ್ತರಕ್ಕೆ ಜಿಗಿದು ತಕ್ಷಣ ಬೀಳುತ್ತದೆ. ಮನೆಯ ಟೇಪ್‌ರೆಕಾರ್ಡರಿನ ಸ್ವಯಂಚಾಲಿತ ಲಿಮಿಟರ್ ಪ್ರತಿ ಏಟಿಗೂ ಹಾಡನ್ನು ಕೆಳಗೆ ತಳ್ಳಿ, ಆಮೇಲೆ ನಿಧಾನ ಏರಿಸುತ್ತದೆ. ಅದೂ ಆ ರಾತ್ರಿಯ ದಾಖಲೆಯೇ. ಅದನ್ನು ಸರಿಪಡಿಸಹೊರಟು ಇನ್ನೊಂದು ಲಿಮಿಟರ್ ಹೇರಿದರೆ ಗುಮಟೆಯ ಏಟೇ ಹೋಗಿ, ಬರೀ ಗುಂಯ್ ಉಳಿಯುತ್ತದೆ.

ಕಾರವಾರದ ಮಳೆ, ತೇವ, ಉಪ್ಪುಗಾಳಿ ಕ್ಯಾಸೆಟ್ಟಿಗೆ ವಿಷ. ಮನೆಯಲ್ಲಿದ್ದರೆ ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಬೇಡಿ. ಅದು ಯಂತ್ರಕ್ಕೂ, ಅಲ್ಲಿಂದ ಉಳಿದ ಕ್ಯಾಸೆಟ್ಟುಗಳಿಗೂ ಹಬ್ಬುತ್ತದೆ, ಬಲ್ಲವರ ಕೈಗೆ ಕೊಡಿ. ಚೆನ್ನಾಗಿದ್ದರೆ ಮೇಲಂಚಿನ ಎರಡು ಪ್ಲಾಸ್ಟಿಕ್ ಚಿಪ್ಪು ಮುರಿದುಬಿಡಿ, ಆಗ ತಪ್ಪಿಯೂ ಮೇಲೆ ರೆಕಾರ್ಡಾಗದು. ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಹಾಡು ಕೇಳುತ್ತಲೇ ತಿರುಗಿಸಿ, ‘ಸ’ಕಾರ ಅತ್ಯಂತ ಸ್ಪಷ್ಟವಾದಲ್ಲಿ ನಿಲ್ಲಿಸಿ. ಕಂಪ್ಯೂಟರಿಗೆ ಇಳಿಸುವಾಗ 24 ಬಿಟ್, ಕನಿಷ್ಠ 48 ಕಿಲೊಹರ್ಟ್ಸ್, ಸಾಧ್ಯವಾದರೆ 96. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಹೇಳುವುದೂ ಇಷ್ಟೇ. ಅತಿ ಗಟ್ಟಿ ಏಟು ಬಂದರೂ ಮೀಟರಿನ ಮೇಲೆ ಒಂದಿಷ್ಟು ಜಾಗ ಉಳಿಯಲಿ. ವೇವ್ ಫೈಲಾಗಿ ಇಡಿ, ವಾಟ್ಸ್‌ಆ್ಯಪಿಗೆ ಬೇಕಾದರೆ ಬೇರೆ ಪ್ರತಿ ಮಾಡಿಕೊಳ್ಳಿ. ಮೂಲಪ್ರತಿಗೆ ನಾಯ್ಸ್ ರಿಡಕ್ಷನ್ ಬೇಡ, ಲಿಮಿಟರ್ ಬೇಡ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ. ಜೂನ್ ಮಳೆ ಹಿಡಿಯುವುದರೊಳಗೆ ಈ ಕೆಲಸ ಮುಗಿಸಿ.